ಅವ್ವ ಊದಿದ ಸುಣ್ಣದ ತಿಳಿನೀರು

ಹಸಿ ಸುಣ್ಣದ ವಾಸನೆ ಬಂದರೆ ಈಗಲೂ ಮಾನ್ವಿಯ ಹಾಸ್ಟೆಲ್ ಗೇಟು ಕಣ್ಣಿಗೆ ಕಟ್ಟುತ್ತದೆ. ಆಗ ನಾನು ಎಂಟನೇ ತರಗತಿ. ಕುರಿಹಿಂಡಿನ ಜೊತೆ ಊರೂರು ಅಲೆಯುತ್ತಿದ್ದ ಅವ್ವ ಒಂದು ಮಧ್ಯಾಹ್ನ ಗೇಟಿಗೆ ಬಂದಳು. ವಿಜ್ಞಾನದ ಟೀಚರ್ ಕೊಟ್ಟಿದ್ದ ಸುಣ್ಣದ ತಿಳಿನೀರಿನ ಬಾಟಲಿಗೆ ಕೊಳವೆ ಇಳಿಬಿಟ್ಟು, "ಊದು ಬೇ ಯವ್ವಾ" ಅಂದೆ. ಅವಳು ಊದಿದಳು. ನೀರು ಹಾಲಿನಂತೆ ಬೆಳ್ಳಗಾಯಿತು.

"ಅಯ್ಯ, ನನ್ನ ಉಸುರಿನಾಗ ಏನದ ಇದು?"

"ಇಂಗಾಲದ ಡೈಆಕ್ಸೈಡ್. ಎಲ್ಲಾರ ಉಸುರಿನಾಗೂ ಇರ್ತದ."

"ಛಲೋ ಕಲಿಯಾಕತ್ತಿ. ಕುರಿ ಮುಂದ ಹೋದ್ವು, ಬರ್ತೀನಿ ಮಗಳ" ಎಂದು ಕೆನ್ನೆ ಸವರಿ ಹೊರಟಳು. ನನ್ನನ್ನೂ ಕರೆದುಕೊಂಡು ಹೋಗು ಎನ್ನಬೇಕೆಂದಿದ್ದವಳು ಬಾಟಲಿಯ ಮುಚ್ಚಳ ಬಿಗಿದೆ.

ಮರುದಿನ ಬಿಳಿಯೆಲ್ಲ ಬಾಟಲಿಯ ತಳಕ್ಕಿಳಿದು, ನೀರು ತಿಳಿಯಾಗಿತ್ತು. ಯಾರೂ ನೋಡದಂತೆ ಅದನ್ನು ಮೆಲ್ಲಗೆ ಅಲುಗಾಡಿಸಿದೆ; ಅವ್ವನ ಉಸಿರು ಮತ್ತೆ ಬೆಳ್ಳಗೆ ಮೇಲೆದ್ದಿತು.