ಮದ್ದು ಅರೆದವಳ ವಿಮರ್ಶೆ

ಚಾರಿತ್ರಿಕ ನಾಟಕವಾದರೆ ಆ ಕಾಲದವರೊಬ್ಬರನ್ನು ಕರೆಸಿ ತೋರಿಸಬೇಕೆಂಬುದು ನಿಯಮ. ‘ಹೊನ್ನಗುಡ್ಡದ ಕೋಟೆ’ ಸಂಗೀತ ನಾಟಕ ನೋಡಲು ಮುನ್ನೂರು ವರ್ಷ ಹಿಂದಿನಿಂದ ಬಸಲಿಂಗವ್ವ ಧಾರವಾಡಕ್ಕೆ ಬಂದಳು. ಅವಳ ಕಾಲದಲ್ಲಿ ಕೋಟೆಯ ಮುತ್ತಿಗೆ ಇನ್ನೂ ನಡೆದೇ ಇತ್ತು. ಸಂಜೆಯೊಳಗೆ ಮರಳಬೇಕಿತ್ತು.

ಪತ್ರಿಕೆಗಳು ಆಗಲೇ ನಾಟಕವನ್ನು ಹರಿದುಹಾಕಿದ್ದವು: ಕೋಟಿಗಟ್ಟಲೆ ಖರ್ಚು, ಮೂರು ಆನೆ, ಯುದ್ಧದ ನಡುವೆ ಹೆಂಗಸರು ತೋಪಿನ ಮದ್ದು ಅರೆಯುತ್ತ ಹಾಡುವ ಹುಚ್ಚು ಕಲ್ಪನೆ! ಆ ಹಾಡಿಗೆ ರಾಗ ಕಟ್ಟಿದ ಮಂದಾಕಿನಿ ಎರಡು ದಿನದಿಂದ ಊಟ ಬಿಟ್ಟಿದ್ದಳು.

ಆಟ ಮುಗಿದದ್ದೇ ವಿಮರ್ಶಕರು ಬಸಲಿಂಗವ್ವನನ್ನು ಸುತ್ತುವರಿದರು.

“ಆನಿ ಸುಳ್ಳು. ಇದ್ದದ್ದು ಒಂದು ಮುದಿ ಕುದುರಿ,” ಎಂದಳು. ಅವರು ನಗುತ್ತ ಬರೆದುಕೊಂಡರು.

“ಹಾಡೂ ಸುಳ್ಳೇ ಅಲ್ಲವೇ?”

“ಹಾಡದಿದ್ರ ಕೈ ನಡಗತಿದ್ವು. ಹಾಡ್ಕೋತನ ಅರದ್ವಿ. ಆದರ ಇವರು ಅಳ್ಕೋತ ಹಾಡ್ಯಾರ. ನಾವು ಅತ್ತಿಲ್ಲ.”

“ಹೆಂಗ ಹಾಡಿದ್ರಿ, ಯವ್ವಾ?” ಮಂದಾಕಿನಿ ಮುಂದೆ ಬಂದು ಕೇಳಿದಳು.

ಬಸಲಿಂಗವ್ವ ಸೆರಗು ಸಿಕ್ಕಿಸಿ, ಗದ್ದ ಎತ್ತಿ ಹಾಡಿದಳು. ಮೇಳದ ಹೆಂಗಸರು ದನಿಗೂಡಿಸಿದರು. ವಿಮರ್ಶಕರು ಬರೆಯುವುದನ್ನು ನಿಲ್ಲಿಸಿದರು.

“ಇಲ್ಲೇ ಇರ್ರಿ,” ಎಂದು ಮಂದಾಕಿನಿ ಕೈ ಹಿಡಿದಳು.

“ಅಲ್ಲಿ ಮದ್ದು ಮುಗೀಲಿಕ್ಕೆ ಬಂದೈತಿ. ಮುನ್ನೂರು ವರ್ಷ ಆದಮ್ಯಾಲೂ ನಮ್ಮನ್ನ ಹಾಡ್ತಾರಂತ ಗೆಳತ್ಯಾರಿಗೆ ಹೇಳಬೇಕು,” ಎಂದು ಬಸಲಿಂಗವ್ವ ಮುತ್ತಿಗೆಯ ಕಡೆಗೆ ಬಿರಬಿರನೆ ನಡೆದಳು.