ಬುಧ ನಡೆದ ಗೆರೆ

ಬುಧ ಗ್ರಹ ಸಾಸಿವೆ ಕಾಳಿನಷ್ಟು ಚುಕ್ಕೆಯಾಗಿ ಸೂರ್ಯನ ಮುಂದೆ ಹಾದುಹೋಗುತ್ತಿತ್ತು. ಅದು ಹೋಗಬೇಕಾದ ದಾರಿಯನ್ನು ಮೊದಲೇ ಲೆಕ್ಕಹಾಕಿ ಪರದೆಯ ಮೇಲೆ ಗೆರೆ ಎಳೆದಿದ್ದರು. ಚುಕ್ಕೆ ಮಾತ್ರ ಗೆರೆ ಬಿಟ್ಟು ಓರೆಯಾಗಿ ನಡೆದಿತ್ತು.

“ಬುಧ ದಾರಿ ತಪ್ಪಲ್ಲ ಸರ್,” ಎಂದಳು ಇಂಜಿನಿಯರಮ್ಮ ಮೆಲ್ಲಗೆ. “ನಮ್ಮ ಕ್ಯಾಮೆರಾನೇ ಸೊಟ್ಟ.”

ವೀಕ್ಷಣಾಲಯದ ಮುಖ್ಯಸ್ಥರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಗಾಜಿನದೇನೂ ತಪ್ಪಿರಲಿಲ್ಲ. “ಅಯ್ಯೋ, ಹಾಗಾದ್ರೆ ಸೊಟ್ಟಣ್ಣ ಹೇಳಿದ್ದೇ ನಿಜ!” ಎಂದು ಕುರ್ಚಿಯಲ್ಲಿ ಕುಸಿದರು.

ಸೂರ್ಯನ ಮೈ ಸದಾ ಉಬ್ಬಿಳಿಯುತ್ತಿರುತ್ತದೆ. ಆ ನಡುಕ ನೋಡಿಯೇ ಅದರ ಹೊಟ್ಟೆಯೊಳಗಿನ ಸುದ್ದಿ ಹೇಳಬೇಕು. ನಡುವೆ ಕಣ್ಣು ಮುಚ್ಚುವಂತಿಲ್ಲ. ಅದಕ್ಕೇ ಆರು ದೇಶಗಳಲ್ಲಿ ಆರು ದೂರದರ್ಶಕಗಳು. ಇಲ್ಲಿ ಮುಳುಗಿದ ಸೂರ್ಯನನ್ನು ಮುಂದಿನ ದೇಶದವರು ಹಿಡಿಯುತ್ತಾರೆ. ಎಲ್ಲರ ಚಿತ್ರದಲ್ಲೂ ಉತ್ತರ ದಿಕ್ಕು ಒಂದೇ ಕಡೆ ಇರಬೇಕು, ಇಲ್ಲದಿದ್ದರೆ ಒಳಗಿನ ಲೆಕ್ಕವೆಲ್ಲ ತಲೆಕೆಳಗು.

ಹೋದ ವರ್ಷ ಇವರ ಚಿತ್ರಕ್ಕೂ ಮುಂದಿನ ದೇಶದ ಚಿತ್ರಕ್ಕೂ ತಾಳೆಯಾಗಲಿಲ್ಲ. “ನಿಮ್ಮ ಕ್ಯಾಮೆರಾ ಸ್ವಲ್ಪ ತಿರುಗಿದೆ ಸರ್,” ಅಂದಿದ್ದ ಅಲ್ಲಿ ದೂರದರ್ಶಕ ನೋಡಿಕೊಳ್ಳುವವನು. ಮುಖ್ಯಸ್ಥರಿಗೆ ಮೂಗಿನ ತುದಿಯಲ್ಲೇ ಕೋಪ. ಆರೂ ದೇಶದವರು ಕೂತಿದ್ದ ವಿಡಿಯೊ ಸಭೆಯಲ್ಲೇ, “ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!” ಎಂದುಬಿಟ್ಟರು. ಎಲ್ಲರೂ ನಕ್ಕರು. ದೊಡ್ಡವರ ಮಾತಲ್ಲವೇ, ನಡೆಯಿತು. ಸರಿಯಿದ್ದ ಅವನ ಕ್ಯಾಮೆರಾವನ್ನೇ ತಿರುಗಿಸಿದರು, ಅವನಿಗೆ ಸೊಟ್ಟಣ್ಣ ಅಂತ ಹೆಸರೂ ಇಟ್ಟರು. ಕೆಲವೇ ತಿಂಗಳಲ್ಲಿ ಅವನು ಕೆಲಸ ಬಿಟ್ಟ.

“ಫೋನ್ ಮಾಡಿ ಸರ್.”

“ಯಾವ ಮುಖ ಇಟ್ಕೊಂಡು ಮಾಡ್ಲಿ? ಒಂದು ಮೇಲ್ ಹಾಕಿಬಿಡ್ಲಾ?”

“ಬೈದಿದ್ದು ಬಾಯಲ್ಲಿ ತಾನೇ? ಮಾಡಿ. ಫೋನಲ್ಲಿ ಮುಖ ಕಾಣಲ್ಲ.”

ಆ ಕಡೆ ಅದೇ ಹಳೆಯ ದನಿ. ಮುಖ್ಯಸ್ಥರು ಸುತ್ತಿಬಳಸಲಿಲ್ಲ. “ನೀನು ಹೇಳಿದ್ದೇ ಸರಿ ಕಣಪ್ಪಾ. ಸೊಟ್ಟ ಇದ್ದಿದ್ದು ನಮ್ಮದು. ಎಲ್ಲರೆದುರು ನಿನ್ನ ಮಾನ ಕಳೆದೆ, ತಪ್ಪಾಯ್ತು.” “ವಾಪಸ್ ಬಂದುಬಿಡು. ಎಲ್ಲರ ಹತ್ರ ನಾನೇ ಮಾತಾಡ್ತೀನಿ.”

“ಬೇಡ ಬಿಡಿ ಸರ್. ಆ ಕೆಲಸದ ಆಸೆಯೇ ಹೋಯ್ತು.” ಆಮೇಲೆ ಅವಸರದಲ್ಲಿ, “ಸರ್, ಫೋನ್ ಇಡಬೇಡಿ, ಮಗಳನ್ನ ಕರೀತೀನಿ. ಈಗ ಹೇಳಿದ್ರಲ್ಲ, ಅದನ್ನ ಅವಳಿಗೂ ಒಂದ್ಸಲ ಹೇಳಿಬಿಡಿ. ಅವಳೂ ನೀವು ಅವತ್ತು ಸಭೇಲಿ ಅಂದಿದ್ದನ್ನೇ ನಂಬಿದಾಳೆ,” ಎಂದ.