ಲಿಂಗನ ಒಲೆ

ಕಲ್ಲುಗೋಡೆಯ ಸಂದಿಯೊಳಗೆ ವಸಂತಾಮಣಿಯ ಬೆರಳಿಗೆ ತಗಡಿನ ಡಬ್ಬಿ ತಗುಲಿತು. ಸದ್ಯ, ಹುಡುಕಲು ಬರುವವರ ಜೀಪು ಇನ್ನೂ ಕೆಳಗಿನ ಎಮರಾಲ್ಡ್ ಊರು ದಾಟಿರಲಿಲ್ಲ. ಮಂಡಿ ನೋಯುತ್ತಿತ್ತು. ಸುಧಾರಿಸಿಕೊಳ್ಳಲು ಅವಳು ಗೋಡೆಗೇ ಒರಗಿದಳು.

ಅದು ಎಲ್ಲಿದೆಯೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ನಿನ್ನೆ ಸಂಜೆ ಗಂಡ ಲಿಂಗ ಅಂಗಿಯ ತೋಳಿಗೆ ಹಾವಸೆ ಮೆತ್ತಿಕೊಂಡು ಮನೆಗೆ ಬಂದಿದ್ದ. ಅಷ್ಟು ಹಾವಸೆ ಇರುವುದು ಟೀ ಎಲೆಯ ತೋಟದ ಈ ಗೋಡೆಯಲ್ಲಿ ಮಾತ್ರ.

ಊಟಿಯ ಒಂದು ಕ್ಲಬ್ಬಿನವರು ಹೂಡಿದ ನಿಧಿ ಹುಡುಕುವ ಆಟ ಇದು. ಬಟ್ಟೆ ಕ್ಲಿಪ್ಪು, ಪಿನ್ನು, ಜರಡಿ ಎಲ್ಲರ ಮನೆಯಲ್ಲೂ ಇವೆ. ಮೊದಲು ಮಾಡಿದವರ ಹೆಸರು ಯಾರಿಗೂ ನೆನಪಿಲ್ಲ. ಅಂಥವರ ಹೆಸರಿನ ರಬ್ಬರ್ ಸೀಲುಗಳನ್ನು ಡಬ್ಬಿಗಳಲ್ಲಿಟ್ಟು ಬೆಟ್ಟದ ತುಂಬ ಬಚ್ಚಿಟ್ಟಿದ್ದರು. ಹುಡುಕಿದವರು ತಮ್ಮ ಪುಸ್ತಕಕ್ಕೆ ಸೀಲು ಒತ್ತಿಕೊಂಡು ಡಬ್ಬಿಯನ್ನು ಅಲ್ಲೇ ಇಡಬೇಕು. ಕೊನೆಯ ಡಬ್ಬಿ ಈ ಹಟ್ಟಿಯ 'ಲಿಂಗನ ಒಲೆ'ಯದು.

ಅಡುಗೆ ಬೇಯುವಾಗಲೇ ಮೀಯುವ ನೀರೂ ಕಾಯುವ ಒಲೆ. ಮಣ್ಣಿನೊಳಗೆ ತಾಮ್ರದ ಕೊಳವೆಯ ಸುರುಳಿ. ಸುತ್ತಲ ಹಟ್ಟಿಗಳಲ್ಲೆಲ್ಲ ಈಗ ಅದೇ. ಫ್ಯಾಕ್ಟರಿಯ ಗುಜರಿಯಿಂದ ಲಿಂಗ ಕೊಳವೆ ತಂದುಕೊಟ್ಟಿದ್ದ, ಅಷ್ಟೇ. ಅದಕ್ಕೆ ಮರಳು ತುಂಬಿ, ಕಾಸಿ, ಬಗ್ಗಿಸಿದವಳು ವಸಂತಾಮಣಿ. ಬಲ ಅಂಗೈಯ ಸುಟ್ಟ ಕಲೆ ಆ ದಿನದ್ದು. ಜನ ಹೊಗಳಿದಾಗ ಲಿಂಗ ತಾನಲ್ಲವೆನ್ನಲಿಲ್ಲ. ಅವಳೂ ಬಾಯಿಬಿಡಲಿಲ್ಲ. ಎಲೆ ಕೊಯ್ದು, ಹೊತ್ತು, ಬೇಯಿಸಿ ಬಡಿಸುವವಳಿಗೆ ಜಗಳಕ್ಕೆ ಪುರುಸೊತ್ತೆಲ್ಲಿ? ಆದರೆ ಸುಳ್ಳಿಗೆ ಸೀಲು ಬೀಳುವುದನ್ನು ನೋಡಿಕೊಂಡಿರಲು ಅವಳಿಂದ ಆಗಲಿಲ್ಲ.

ಕ್ಲಬ್ಬಿನ ಮೋನಿಷಾ ಬಂದಿದ್ದಾಗ ಲಿಂಗ ಹೆಂಡತಿಯನ್ನು ಟೀ ಮಾಡಲು ಅಟ್ಟಿ, ಬಾಗಿಲು ಎಳೆದುಕೊಂಡು ಮಾತಾಡಿದ್ದ. ಇಂದು ಬೆಳಿಗ್ಗೆ ಬಿಳಿ ರುಮಾಲು ಸುತ್ತಿಕೊಳ್ಳುತ್ತ ಹೇಳಿದ್ದೂ ಇಷ್ಟೇ: "ಹೊಸ ಮುಂಡು ಉಡು. ಹಿಂದೆ ಹಿಂದೆ ನಿಲ್ಲಬೇಡ, ಮುಂದೆ ಬಂದು ನಿಲ್ಲು."

ದೊಡ್ಡ ಮನುಷ್ಯನ ಹೆಂಡತಿಯನ್ನೂ ಜನ ನೋಡಲಿ ಎಂದಿರಬೇಕು, ಅಂದುಕೊಂಡಿದ್ದಳು.

ಡಬ್ಬಿ ತೆರೆದಳು. ಸೀಲಿನಲ್ಲಿ ಒಲೆಯ ಚಿತ್ರ, ಕೆಳಗೆ ತಿರುವುಮುರುವಾದ ಅಕ್ಷರಗಳು. ಯಾರೋ ಒತ್ತಿ ನೋಡಿದ್ದರು. ಮಂಜಿಗೆ ಮಸಿ ಇನ್ನೂ ಆರಿರಲಿಲ್ಲ. ಅವಳು ಓದುವ ಗೋಜಿಗೆ ಹೋಗಲಿಲ್ಲ. ಡಬ್ಬಿಯನ್ನು ಸಂದಿಯಲ್ಲೇ ಬಿಟ್ಟು, ಸೀಲನ್ನು ಯಾರ ಕಣ್ಣಿಗೂ ಬೀಳದಂತೆ ಬಲ ಅಂಗೈಗೆ ಒತ್ತಿ ಹಿಡಿದು ಹಿತ್ತಿಲಿಂದ ಮನೆ ಹೊಕ್ಕಳು.

"ಎಲ್ಲಿ ಹೋಗಿದ್ರಿ ಮಾಮಿ? ಮಾಮ ಆಗಿಂದ ಕೇಳ್ತಾ ಇದ್ದಾರೆ," ಎಂದಳು ಸೊಸೆ ನಿವೇತಾ.

ಅವಳು ಹೊರಗೆ ಹೋಗುವವರೆಗೆ ಕಾದು, ವಸಂತಾಮಣಿ ಸೀಲನ್ನು ಒಲೆಗೆ ಎಸೆದಳು. ರಬ್ಬರು ಕಮಟು ವಾಸನೆ ಬಿಟ್ಟು ಉರಿಯಿತು. ಸಮಾಧಾನವಾಗಬೇಕಿತ್ತು. ಆದದ್ದು ಬರೀ ಆಯಾಸ.

ಅಂಗಳದಲ್ಲಿ ಜೀಪು ನಿಂತಿತು.

"ಬಂದರು," ಲಿಂಗ ಜಗಲಿಯಿಂದ ಕರೆದ. "ನೀ ಮೊದಲು ಬಾ."

ಕೈಗೆಲ್ಲ ಮಸಿ. ಹೀಗೇ ಜನರೆದುರು ಹೋಗುವುದು ಹೇಗೆ? ಒಲೆಯ ಪಕ್ಕದ ಬಿಸಿನೀರಿನ ನಲ್ಲಿ ತಿರುಗಿಸಿ, ಅಂಗೈ ಚಾಚಿದಳು.

ಸುಟ್ಟ ಕಲೆಯ ಮೇಲೆ, ನೆಟ್ಟಗಿನ ಅಕ್ಷರಗಳಲ್ಲಿ ಅಚ್ಚಾಗಿತ್ತು: ವಸಂತಾಮಣಿ.